ಬಸವನಹುಳುವನ್ನು ತಿನ್ನುವ ಬಸವನಹುಳು ಬೇಕಾ? ತೋಟಕ್ಕೆ ಬಿಡುವ ಮೊದಲು ತೂಗಿ ನೋಡಿ

ತೋಟದಲ್ಲಿ ಬಸವನಹುಳುವಿನ ಕಾಟ ಅನುಭವಿಸಿದವರು ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಬಸವನಹುಳುವನ್ನೇ ಹಿಡಿದು ತಿನ್ನುವ ಬಸವನಹುಳು ಇದೆಯಂತಲ್ಲ, ಅದನ್ನೇ ತಂದು ಬಿಟ್ಟರೆ ಆಗಲ್ವಾ? ವಿಷ ಹಾಕುವುದು ತಪ್ಪುತ್ತದೆ, ರಾತ್ರಿ ಟಾರ್ಚ್ ಹಿಡಿದು ಆಯುವುದೂ ತಪ್ಪುತ್ತದೆ. ವಿಚಾರಿಸಲು ಹೋದರೆ ಒಬ್ಬರು ರೋಸಿ ವುಲ್ಫ್ ಸ್ನೇಲ್ ಅನ್ನುತ್ತಾರೆ. ಇನ್ನೊಬ್ಬರು ಡೆಕೊಲೇಟ್ ಒಳ್ಳೆಯದು ಅನ್ನುತ್ತಾರೆ. ಅದ್ಯಾವುದೂ ಬೇಡ, ಬಾತುಕೋಳಿ ಸಾಕಿ ಅನ್ನುವವರೂ ಇದ್ದಾರೆ. ಕೇಳಿದವರ ತಲೆ ಇನ್ನಷ್ಟು ಕೆಡುತ್ತದೆ.

ಇಂಥ ಬೇಟೆಗಾರ ಹುಳುಗಳು ಇರುವುದು ನಿಜ. ಕೆಲವು ಕಡೆ ಕೆಲಸಕ್ಕೂ ಬಂದಿವೆ. ಕೆಲವು ಕಡೆ ಮಾತ್ರ ಮತ್ತೆ ಸರಿಪಡಿಸಲಾಗದ ಹಾನಿ ಮಾಡಿವೆ. ಆದ್ದರಿಂದ ಹೆಸರು ಹಿಡಿದು ಹುಡುಕುವ ಮೊದಲು, ಯಾವ ಅಳತೆಗೋಲಿನಿಂದ ಅಳೆಯಬೇಕು ಅನ್ನುವುದನ್ನು ಗಟ್ಟಿ ಮಾಡಿಕೊಳ್ಳೋಣ.

ಏನನ್ನು ನೋಡಿ ಆರಿಸಬೇಕು

ಮೊದಲನೆಯದು ಗಾತ್ರ. ನಿಮ್ಮ ಗಿಡ ತಿನ್ನುತ್ತಿರುವುದು ಯಾವ ಹುಳು, ಎಷ್ಟು ದೊಡ್ಡದು? ಹಲವು ದೇಶಗಳಲ್ಲಿ ಕಾಣುವ ಕಂದು ತೋಟದ ಬಸವನಹುಳುವಿನ ಚಿಪ್ಪು ಸುಮಾರು ಮೂರು ಸೆಂಟಿಮೀಟರ್ ಇರುತ್ತದೆ. ಆಫ್ರಿಕಾದ ದೈತ್ಯ ಬಸವನಹುಳು 20 ಸೆಂಟಿಮೀಟರ್‌ವರೆಗೂ ಬೆಳೆಯಬಲ್ಲದು. ಎರಡಕ್ಕೂ ಒಂದೇ ಮದ್ದು ಆಗುವುದಿಲ್ಲ. ಬಹುತೇಕ ಬೇಟೆಗಾರ ಹುಳುಗಳು ತಮಗಿಂತ ಚಿಕ್ಕದನ್ನೇ ಹಿಡಿಯುತ್ತವೆ. ಅಂದರೆ ಮೊಟ್ಟೆ ಮತ್ತು ಮರಿಗಳು ಕಡಿಮೆಯಾಗಬಹುದು, ಈಗ ಕಣ್ಣೆದುರು ಎಲೆ ತಿನ್ನುತ್ತಿರುವ ದೊಡ್ಡ ಹುಳು ಹಾಗೇ ಉಳಿಯಬಹುದು.

ಎರಡನೆಯದು, ಅದು ಬೇರೆ ಏನನ್ನು ತಿನ್ನುತ್ತದೆ? ಬೆಳೆಗೆ ಯಾವ ತೊಂದರೆಯನ್ನೂ ಕೊಡದೆ, ಕೊಳೆತ ಎಲೆ, ಪಾಚಿ ತಿಂದು ಬದುಕುವ ಬಸವನಹುಳುಗಳೇ ಪ್ರಪಂಚದಲ್ಲಿ ಜಾಸ್ತಿ. ಬೇಟೆಗಾರನಿಗೆ ನಿಮ್ಮ ಶತ್ರು ಯಾರು, ಕಾಡಿನ ಪಾಪದ ಹುಳು ಯಾರು ಎಂದು ಗೊತ್ತಾಗುವುದಿಲ್ಲ. ಯಾವುದು ಸುಲಭವಾಗಿ ಸಿಗುತ್ತದೋ ಅದನ್ನು ತಿನ್ನುತ್ತದೆ.

ಮೂರನೆಯದಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುತ್ತೇನೆ. ಬೇಡವೆನಿಸಿದಾಗ ವಾಪಸ್ ತೆಗೆಯಲು ಆಗುತ್ತದೆಯೇ? ಹಾಕಿದ ಮದ್ದು ಮಳೆಗೆ ಕರಗಿ ಹೋಗುತ್ತದೆ. ಬಾತುಕೋಳಿಯನ್ನು ಸಂಜೆ ಗೂಡಿಗೆ ಹೊಡೆಯಬಹುದು. ಮಣ್ಣೊಳಗೆ ಸೇರಿ ಮೊಟ್ಟೆ ಇಟ್ಟ ಹುಳುವನ್ನು ಮಾತ್ರ ಯಾರೂ ಹಿಂದಕ್ಕೆ ಕರೆಸಲಾರರು. ಅದು ಬೇಲಿ ದಾಟುತ್ತದೆ, ಕುಂಡದ ಮಣ್ಣಿನ ಜೊತೆ ಊರೂರು ತಿರುಗುತ್ತದೆ.

ಉಳಿದವು ನಿಮಗೆ ಗೊತ್ತಿರುವಂಥವೇ. ಫಲ ಕಾಣಲು ಎಷ್ಟು ಸಮಯ ಬೇಕು, ಎಷ್ಟು ಕೈಗಳ ಕೆಲಸ, ಒಮ್ಮೆ ಖರ್ಚು ಮಾಡಿದರೆ ಸಾಕೋ ಅಥವಾ ಮತ್ತೆ ಮತ್ತೆ ಮಾಡಬೇಕೋ. ಜೊತೆಗೆ ಕಾನೂನು. ಹೊರಗಿನ ಹುಳುವನ್ನು ತಂದು ಬಿಡಲು ಬಹಳ ದೇಶಗಳಲ್ಲಿ ಅನುಮತಿ ಬೇಕು. ಅಮೆರಿಕದೊಳಗೇ ಒಂದು ರಾಜ್ಯದಿಂದ ಇನ್ನೊಂದಕ್ಕೆ ಬಸವನಹುಳು ಸಾಗಿಸಲು ಕೃಷಿ ಇಲಾಖೆಯ ಪರವಾನಗಿ ಬೇಕಾಗುತ್ತದೆ.

ರೋಸಿ ವುಲ್ಫ್ ಸ್ನೇಲ್: ಬೇಟೆಯಲ್ಲಿ ಚುರುಕು, ಆದರೆ ಬೇಡ

ವಿಜ್ಞಾನದಲ್ಲಿ ಇದರ ಹೆಸರು ಯುಗ್ಲಾಂಡಿನಾ ರೋಸಿಯಾ. ತವರು ಅಮೆರಿಕದ ಆಗ್ನೇಯ ರಾಜ್ಯಗಳು. ನೀಳವಾದ ಚಿಪ್ಪು, ಅದರ ಮೇಲೆ ತಿಳಿ ಗುಲಾಬಿ ಬೆರೆತ ಕಂದು ಬಣ್ಣ. ಇದರ ಬೇಟೆಯನ್ನು ಹತ್ತಿರದಿಂದ ನೋಡಿದರೆ ಬಸವನಹುಳು ಎಂದರೆ ನಿಧಾನ ಅನ್ನುವ ನಮ್ಮ ಕಲ್ಪನೆಯೇ ಬದಲಾಗುತ್ತದೆ. ಬಾಯಿಯ ಎರಡೂ ಬದಿಗೆ ಮೀಸೆಯಂತೆ ಚಾಚಿಕೊಂಡ ಉದ್ದ ತುಟಿಗಳಿವೆ. ನೆಲದ ಮೇಲೆ ಇನ್ನೊಂದು ಹುಳು ಹೋದ ಲೋಳೆಯ ಗೆರೆ ಸಿಕ್ಕರೆ ಸಾಕು, ಆ ತುಟಿಗಳಿಂದ ಸವರಿ ರುಚಿ ನೋಡುತ್ತದೆ. ಆಮೇಲೆ ಗೆರೆ ತಪ್ಪದೆ ಬೆನ್ನು ಹತ್ತುತ್ತದೆ. ಓಟದಲ್ಲಿ ಬೇರೆ ಬಸವನಹುಳುಗಳಿಗಿಂತ ಎರಡು ಮೂರು ಪಟ್ಟು ವೇಗ. ಸಿಕ್ಕಿದ್ದು ಚಿಕ್ಕದಾದರೆ ಚಿಪ್ಪಿನ ಸಮೇತ ನುಂಗುತ್ತದೆ. ದೊಡ್ಡದಾದರೆ ಚಿಪ್ಪಿನ ಬಾಯೊಳಗೆ ತನ್ನ ಕತ್ತು ತೂರಿಸಿ ಮಾಂಸವನ್ನು ಕಿತ್ತು ತಿನ್ನುತ್ತದೆ. ಮರವನ್ನೂ ಹತ್ತುತ್ತದೆ.

ಇಷ್ಟು ಕೇಳಿದರೆ ಯಾರಿಗಾದರೂ ಆಸೆಯಾಗುತ್ತದೆ. ಹವಾಯಿಯ ಅಧಿಕಾರಿಗಳಿಗೂ ಆಯಿತು. ಅಲ್ಲಿಗೆ ಆಫ್ರಿಕಾದ ದೈತ್ಯ ಬಸವನಹುಳು ಬಂದದ್ದು 1936ರಲ್ಲಿ. ಅದನ್ನು ಹತೋಟಿಗೆ ತರಲು 1955ರಲ್ಲಿ ರೋಸಿಯನ್ನು ತಂದು ಬಿಟ್ಟರು. ತಾಹಿತಿಯಲ್ಲೂ ಅದೇ ಕಥೆ. 1967ರಲ್ಲಿ ದೈತ್ಯ ಹುಳು ಬಂತು, 1974ರಲ್ಲಿ ರೋಸಿ ಬಂತು. ಪಕ್ಕದ ಮೂರಿಯಾ ದ್ವೀಪಕ್ಕೆ 1977ರಲ್ಲಿ ಬಿಟ್ಟರು.

ಮೂರಿಯಾದ ಕಾಡಿನಲ್ಲಿ ಪಾರ್ಟುಲಾ ಎಂಬ ಬೆರಳ ತುದಿಯಷ್ಟು ಚಿಕ್ಕ ಮರಬಸವನಹುಳುಗಳಿದ್ದವು. ಕಣಿವೆ ಬದಲಾದರೆ ಚಿಪ್ಪಿನ ಬಣ್ಣ, ಪಟ್ಟಿಯೂ ಬದಲಾಗುತ್ತಿತ್ತು. ಜೀವ ವಿಕಾಸವನ್ನು ಅರಿಯಲು ವಿಜ್ಞಾನಿಗಳು ಇವನ್ನು ದಶಕಗಟ್ಟಲೆ ಅಧ್ಯಯನ ಮಾಡಿದ್ದರು. ರೋಸಿ ಬಂದ ಹತ್ತು ವರ್ಷಗಳಲ್ಲಿ, 1987ರ ಹೊತ್ತಿಗೆ, ಮೂರಿಯಾದ ಕಾಡಿನಲ್ಲಿ ಒಂದೂ ಪಾರ್ಟುಲಾ ಸಿಗಲಿಲ್ಲ. ಅಷ್ಟರಲ್ಲಿ ಒಂದಷ್ಟನ್ನು ಹಿಡಿದು ಪ್ರಯೋಗಾಲಯ, ಮೃಗಾಲಯಗಳಿಗೆ ಸಾಗಿಸಿದ್ದರಿಂದ ಕೆಲವು ಜಾತಿಗಳ ಪ್ರಾಣ ಉಳಿಯಿತು. 2015ರಿಂದ ಅವನ್ನು ಮತ್ತೆ ಕಾಡಿಗೆ ಬಿಡುತ್ತಿದ್ದಾರೆ. ಆ ಕೆಲಸ ಮಾಡುತ್ತಿರುವವರನ್ನು ಎಷ್ಟು ಹೊಗಳಿದರೂ ಸಾಲದು.

ಹವಾಯಿಯಲ್ಲಿ ಪೆಟ್ಟು ಬಿದ್ದದ್ದು ಅಚಟಿನೆಲ್ಲಾ ಎಂಬ ಬಣ್ಣಬಣ್ಣದ ಮರಬಸವನಹುಳುಗಳಿಗೆ. ಇವು ಮೊಟ್ಟೆ ಇಡುವುದಿಲ್ಲ, ಒಂದು ಸಲಕ್ಕೆ ಒಂದೇ ಮರಿ ಹಾಕುತ್ತವೆ. ದೊಡ್ಡದಾಗಲು ವರ್ಷಗಳೇ ಬೇಕು. ಇಲಿಗಳು, ಕಾಡಿನ ನಾಶ, ಚಿಪ್ಪು ಕೂಡಿಡುವವರ ಆಸೆ, ಇವೆಲ್ಲದರಿಂದ ಮೊದಲೇ ಸೊರಗಿದ್ದವು. ರೋಸಿಯ ದಾಳಿ ತಡೆದುಕೊಳ್ಳಲು ಆಗಲಿಲ್ಲ. ಅಚಟಿನೆಲ್ಲಾ ಅಪೆಕ್ಸ್‌ಫುಲ್ವಾ ಜಾತಿಯ ಕೊನೆಯ ಹುಳುವಿಗೆ ಜಾರ್ಜ್ ಎಂದು ಹೆಸರಿಟ್ಟಿದ್ದರು. ಅದು 2019ರ ಜನವರಿ 1ರಂದು ಸತ್ತಿತು, ಜಾತಿಯೂ ಮುಗಿಯಿತು. ಉಳಿದ ಜಾತಿಗಳನ್ನು ಕಾಪಾಡಲು ಈಗ ಕಾಡಿನ ನಡುವೆ ಗೋಡೆ ಕಟ್ಟಿ, ತಾಮ್ರದ ಜಾಲರಿ, ವಿದ್ಯುತ್ ತಂತಿ ಹಾಕಿ ರೋಸಿಯನ್ನು ಹೊರಗಿಡುತ್ತಿದ್ದಾರೆ.

ಹೋಗಲಿ, ಯಾವ ಕೆಲಸಕ್ಕೆ ತಂದರೋ ಅದಾದರೂ ಆಯಿತಾ? ಇಲ್ಲ. ರೋಸಿಗೆ ಚಿಕ್ಕ ಬೇಟೆಯೇ ಇಷ್ಟ. ಬಲಿತ ದೈತ್ಯ ಹುಳುವಿನ ತಂಟೆಗೆ ಅದು ಹೋಗುವುದು ಕಡಿಮೆ. ಲೆಕ್ಕವೂ ಹೊಂದುವುದಿಲ್ಲ. ದೈತ್ಯ ಹುಳು ಒಂದೇ ಸಲಕ್ಕೆ ನೂರಾರು ಮೊಟ್ಟೆ ಇಡುತ್ತದೆ. ರೋಸಿ ವರ್ಷಕ್ಕೆ ಇಡುವುದು ಕೆಲವೇ ಹತ್ತು. ಕೆಲವು ಕಡೆ ರೋಸಿ ಬಿಟ್ಟ ಮೇಲೆ ದೈತ್ಯ ಹುಳು ಕಡಿಮೆಯಾಯಿತು ಎಂದು ಹೇಳುವುದುಂಟು. ಆದರೆ ದೈತ್ಯ ಹುಳು ಹೊಸ ಜಾಗದಲ್ಲಿ ಮೊದಲು ವಿಪರೀತ ಹೆಚ್ಚಿ, ಕೆಲವು ವರ್ಷಗಳ ನಂತರ ತಾನಾಗಿಯೇ ತಗ್ಗುವುದನ್ನು ಯಾವ ಬೇಟೆಗಾರನನ್ನೂ ಬಿಡದ ಜಾಗಗಳಲ್ಲೂ ಕಂಡಿದ್ದಾರೆ. ಹಾಗಿದ್ದಾಗ ತಗ್ಗಿದ್ದಕ್ಕೆಲ್ಲ ರೋಸಿಯೇ ಕಾರಣ ಎಂದು ಹೇಗೆ ನಂಬುವುದು?

ನನ್ನ ಮಟ್ಟಿಗೆ ಇದನ್ನು ತೀರ್ಮಾನ ಮಾಡುವುದು ಫ್ಲಾರಿಡಾ. ಅದು ರೋಸಿಯ ಸ್ವಂತ ನೆಲ. ಅಲ್ಲಿಗೆ 1966ರಲ್ಲಿ ಒಬ್ಬ ಹುಡುಗ ಹವಾಯಿಯಿಂದ ತಂದ ಮೂರು ದೈತ್ಯ ಹುಳುಗಳು ಸಾವಿರಾರಾಗಿ ಹರಡಿದವು. 1975ರಲ್ಲಿ ಅವನ್ನು ನಿರ್ಮೂಲ ಮಾಡಿದರು. 2011ರಲ್ಲಿ ಮಯಾಮಿಯಲ್ಲಿ ಮತ್ತೆ ಕಂಡವು. 2021ರವರೆಗೆ ನಡೆದ ಕಾರ್ಯಾಚರಣೆಯಲ್ಲಿ 1,68,000ಕ್ಕೂ ಹೆಚ್ಚು ಹುಳುಗಳನ್ನು ಹಿಡಿದರು. ಕೈಯಿಂದ ಆಯ್ದರು, ಮದ್ದು ಹಾಕಿದರು, ವಾಸನೆ ಹಿಡಿಯಲು ಕಲಿಸಿದ ನಾಯಿಗಳನ್ನು ಓಡಾಡಿಸಿದರು. ತನ್ನ ತವರಿನಲ್ಲೇ ತಡೆಯಲಾಗದ ಹುಳುವನ್ನು ರೋಸಿ ಬೇರೆ ಕಡೆ ತಡೆಯುತ್ತದೆ ಎಂದು ನಾನಂತೂ ನಂಬುವುದಿಲ್ಲ. ಪ್ರಪಂಚದ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ದೈತ್ಯ ಹುಳುವಿನ ಜೊತೆಗೆ ರೋಸಿಯ ಹೆಸರೂ ಇದೆ.

ಒಂದು ಒಳ್ಳೆಯ ಸುದ್ದಿ ಹೇಳಿ ಮುಂದೆ ಹೋಗುತ್ತೇನೆ. ತಾಹಿತಿಯಲ್ಲಿ ಬಿಳಿ ಚಿಪ್ಪಿನ ಒಂದು ಪಾರ್ಟುಲಾ ಜಾತಿ ಕಾಡಿನಂಚಿನ ಬಿಸಿಲು ಜಾಗಗಳಲ್ಲಿ ಉಳಿದುಕೊಂಡಿದೆ. ಏಕೆ ಎಂದು ತಿಳಿಯಲು ಮಿಶಿಗನ್ ವಿಶ್ವವಿದ್ಯಾಲಯದವರು ರೋಸಿಯ ಚಿಪ್ಪಿಗೇ ಬೆಳಕು ಅಳೆಯುವ ಪುಟಾಣಿ ಕಂಪ್ಯೂಟರ್ ಅಂಟಿಸಿದರು. ಬಿಳಿ ಚಿಪ್ಪಿನ ಹುಳು ತಡೆದುಕೊಳ್ಳುವ ಬಿಸಿಲನ್ನು ರೋಸಿ ತಡೆದುಕೊಳ್ಳಲಾರದು ಎಂದು 2021ರಲ್ಲಿ ವರದಿ ಮಾಡಿದರು. ಅದಕ್ಕೆ ನೆರಳು, ತೇವ ಬೇಕೇ ಬೇಕು. ಈ ಮಾತು ನೆನಪಿಡಿ, ಮುಂದೆ ಉಪಯೋಗಕ್ಕೆ ಬರುತ್ತದೆ.

ಗೊನಾಕ್ಸಿಸ್ ಮತ್ತು ಚಪ್ಪಟೆ ಹುಳು

ಪೂರ್ವ ಆಫ್ರಿಕಾದ ಗೊನಾಕ್ಸಿಸ್ ಬಸವನಹುಳುಗಳನ್ನೂ ಇದೇ ಕಾಲದಲ್ಲಿ ಪೆಸಿಫಿಕ್ ದ್ವೀಪಗಳಿಗೆ ಬಿಟ್ಟರು. ದೈತ್ಯ ಹುಳುವನ್ನು ಮಣಿಸಲು ಇವುಗಳಿಂದಲೂ ಆಗಲಿಲ್ಲ. ಇನ್ನೊಂದು, ನ್ಯೂಗಿನಿಯ ಚಪ್ಪಟೆ ಹುಳು, ಪ್ಲಾಟಿಡೀಮಸ್ ಮನೊಕ್ವಾರಿ. ಇದು ಬಸವನಹುಳುವೇ ಅಲ್ಲ, ಕಪ್ಪು ಬಣ್ಣದ, ನಡು ಬೆನ್ನಿನಲ್ಲಿ ತಿಳಿ ಗೆರೆಯಿರುವ ತೆಳ್ಳನೆ ಹುಳು. ದೈತ್ಯ ಹುಳುವನ್ನು ಕಡಿಮೆ ಮಾಡುವುದರಲ್ಲಿ ಇದು ರೋಸಿಗಿಂತ ಗಟ್ಟಿ ಎಂದು ಫಿಲಿಪೀನ್ಸ್ ಮತ್ತು ಮಾಲ್ದೀವ್ಸ್‌ನಿಂದ ವರದಿಗಳಿವೆ. ಆದರೆ ಗುವಾಮ್‌ನಲ್ಲಿ ಅಲ್ಲಿನ ಮೂಲ ಬಸವನಹುಳುಗಳನ್ನೂ ಮುಗಿಸುತ್ತಾ ಬಂತು. ಅದೇ 100ರ ಪಟ್ಟಿಯಲ್ಲಿ ಇದೂ ಇದೆ. ಯಾರಾದರೂ ಕೊಟ್ಟರೂ ತೆಗೆದುಕೊಳ್ಳಬೇಡಿ.

ಡೆಕೊಲೇಟ್: ನಿಜವಾಗಿ ಯೋಚಿಸಬೇಕಾದ ಆಯ್ಕೆ

ರುಮಿನಾ ಡೆಕೊಲಾಟಾ ಮೆಡಿಟರೇನಿಯನ್ ಕಡಲ ಸುತ್ತಲಿನದು. ಇದರ ಚಿಪ್ಪು ನೋಡಿದರೆ ಯಾರೋ ತುದಿ ಮುರಿದು ಹಾಕಿದ್ದಾರೆ ಅನ್ನಿಸುತ್ತದೆ. ಮರಿಯಾಗಿದ್ದಾಗ ತುದಿ ಚೂಪಾಗಿಯೇ ಇರುತ್ತದೆ. ಬೆಳೆಯುತ್ತಾ ಹುಳು ಕೆಳಗಿನ ಸುತ್ತುಗಳಿಗೆ ಇಳಿದು, ಮೇಲಿನದನ್ನು ಒಳಗಿನಿಂದ ಗೋಡೆ ಹಾಕಿ ಮುಚ್ಚುತ್ತದೆ. ಖಾಲಿಯಾದ ತುದಿ ಮುರಿದು ಬೀಳುತ್ತದೆ. ಹಾಗಾಗಿ ಗುರುತಿಸುವುದು ಬಹಳ ಸುಲಭ.

ಇದು ಉತ್ತರ ಅಮೆರಿಕಕ್ಕೆ 19ನೇ ಶತಮಾನದಲ್ಲೇ ಬಂದು ಸೇರಿತ್ತು. 1966ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಕಂಡಿತು. ಅಲ್ಲಿನ ಕಿತ್ತಳೆ, ನಿಂಬೆ ತೋಟಗಳಲ್ಲಿ ಕಂದು ಬಸವನಹುಳುವಿನ ಕಾಟ ವಿಪರೀತ. ಡೆಕೊಲೇಟ್ ಅದರ ಮೊಟ್ಟೆ ಮತ್ತು ಅರ್ಧ ಬೆಳೆದ ಮರಿಗಳನ್ನು ತಿನ್ನುತ್ತದೆ ಎಂದು ಕಂಡ ಮೇಲೆ ಬೆಳೆಗಾರರು ಬೇಕೆಂದೇ ಬಿಡಲು ಶುರು ಮಾಡಿದರು. ಇಂದಿಗೂ ಅಲ್ಲಿ ನಿಗದಿ ಮಾಡಿದ ಕೆಲವು ಕೌಂಟಿಗಳಲ್ಲಿ ಮಾತ್ರ ಇದನ್ನು ಬಿಡಬಹುದು. ಉಳಿದ ಕಡೆ ಅಪರೂಪದ ಮೂಲ ಬಸವನಹುಳುಗಳಿಗೆ ಅಪಾಯ ಎಂದು ತಡೆದಿದ್ದಾರೆ.

ಅನುಕೂಲಗಳು ನಿಜವಾದವೇ. ಒಮ್ಮೆ ನೆಲೆಯೂರಿದರೆ ಮತ್ತೆ ಮತ್ತೆ ಖರ್ಚಿಲ್ಲ. ಹಗಲು ಮಣ್ಣಿನಲ್ಲಿ, ತರಗೆಲೆಯ ಅಡಿ ಇರುತ್ತದೆ. ಮೊಟ್ಟೆಗಳಿರುವುದೂ ಅಲ್ಲೇ.

ಕಷ್ಟಗಳೂ ಅಷ್ಟೇ ನಿಜ. ಒಂದು, ಕಾಯಬೇಕು. ಹತೋಟಿ ಕಾಣಲು 4ರಿಂದ 10 ವರ್ಷ ಹಿಡಿಯಬಹುದು ಎಂದು ಕ್ಯಾಲಿಫೋರ್ನಿಯಾದ ಕೃಷಿ ತಜ್ಞರೇ ಹೇಳುತ್ತಾರೆ. ಎರಡು, ಬಲಿತ ದೊಡ್ಡ ಹುಳುವನ್ನು ಇದು ಮುಟ್ಟುವುದಿಲ್ಲ. ಮೂರು, ಇದು ಬರೀ ಮಾಂಸಾಹಾರಿ ಅಲ್ಲ. ಎಳೆ ಸಸಿ, ನೆಲಕ್ಕೆ ಹತ್ತಿರವಿರುವ ಹೂಗಿಡದ ಎಲೆಯನ್ನೂ ತಿನ್ನುತ್ತದೆ. ಬೆಳೆದ ಹಣ್ಣಿನ ಮರಕ್ಕೆ ಇದರಿಂದ ತೊಂದರೆಯಿಲ್ಲ. ತರಕಾರಿ ಮಡಿಯಲ್ಲಿ ಬಿಟ್ಟರೆ ಒಂದು ಕಾಟದ ಜಾಗದಲ್ಲಿ ಇನ್ನೊಂದು ಕಾಟ ತಂದು ಕೂರಿಸಿದ ಹಾಗೆ.

ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಡೆಕೊಲೇಟ್ ಬಿಟ್ಟ ಮೇಲೆ ಬಸವನಹುಳುವಿನ ಮದ್ದು ಹಾಕುವಂತಿಲ್ಲ. ಮದ್ದು ಎರಡನ್ನೂ ಕೊಲ್ಲುತ್ತದೆ. ಹಾಗಾಗಿ ಅಲ್ಲಿನ ಬೆಳೆಗಾರರು ಮೊದಲು ಮದ್ದು ಹಾಕಿ ಕಂದು ಹುಳುವನ್ನು ತಗ್ಗಿಸುತ್ತಾರೆ. ಅದರ ಪ್ರಭಾವ ಮುಗಿದ ಮೇಲೆ ಡೆಕೊಲೇಟ್ ಬಿಡುತ್ತಾರೆ. ಜೊತೆಗೆ ನೆಲಕ್ಕೆ ತಾಗುವ ಕೊಂಬೆಗಳನ್ನು ಕತ್ತರಿಸಿ, ಕಾಂಡಕ್ಕೆ ತಾಮ್ರದ ಪಟ್ಟಿ ಸುತ್ತುತ್ತಾರೆ. ದೊಡ್ಡ ಹುಳು ಮರ ಹತ್ತಲು ಆಗುವುದಿಲ್ಲ, ಕೆಳಗೆ ಮರಿಗಳನ್ನು ಡೆಕೊಲೇಟ್ ನೋಡಿಕೊಳ್ಳುತ್ತದೆ. ಬರೀ ಹುಳು ಬಿಟ್ಟು ಕೈಕಟ್ಟಿ ಕೂತವರಿಗೆ ಇದರ ಫಲ ಸಿಗುವುದು ಕಷ್ಟ.

ಇದು ಈಗಾಗಲೇ ನೆಲೆಸಿರುವ ಜಾಗ, ಕಾನೂನಿನ ಒಪ್ಪಿಗೆ, ಬೆಳೆದ ಹಣ್ಣಿನ ತೋಟ, ಕಾಟ ಕೊಡುತ್ತಿರುವುದು ಕಂದು ಬಸವನಹುಳು. ಈ ನಾಲ್ಕೂ ಕೂಡಿದರೆ ಡೆಕೊಲೇಟ್ ಒಳ್ಳೆಯ ಆಯ್ಕೆ. ಒಂದು ತಪ್ಪಿದರೂ ಬೇಡ ಅನ್ನುತ್ತೇನೆ.

ನಿಮ್ಮ ಮಣ್ಣಿನಲ್ಲೇ ಇರುವವರು

ಹೊರಗಿನಿಂದ ತರುವ ಮಾತಿನ ಭರದಲ್ಲಿ ಇವರನ್ನು ಮರೆತುಬಿಡುತ್ತೇವೆ. ಹೆಚ್ಚುಕಡಿಮೆ ಎಲ್ಲ ಕಡೆ ಆಯಾ ನೆಲದ್ದೇ ಆದ ಬೇಟೆಗಾರರಿದ್ದಾರೆ. ಉತ್ತರ ಅಮೆರಿಕದಲ್ಲಿ ಹ್ಯಾಪ್ಲೊಟ್ರೀಮಾ ಬಸವನಹುಳುಗಳು. ಆಫ್ರಿಕಾ, ಏಷ್ಯಾದ ಬಿಸಿ ನಾಡುಗಳಲ್ಲಿ ಸ್ಟ್ರೆಪ್ಟಾಕ್ಸಿಡೆ ಕುಟುಂಬದ ಪುಟ್ಟ ಮಾಂಸಾಹಾರಿಗಳು. ಇವು ಹಿಡಿಯುವುದು ಚಿಕ್ಕ ಹುಳುಗಳನ್ನು ಮಾತ್ರ. ಆದರೆ ಮರಿಗಳ ಲೆಕ್ಕ ಕಡಿಮೆಯಾಗುವುದು ಇಂಥವರಿಂದಲೇ.

ಬಸವನಹುಳುವಲ್ಲದ ಬೇಟೆಗಾರರು ಇನ್ನೂ ಹೆಚ್ಚು ಕೆಲಸ ಮಾಡುತ್ತಾರೆ. ನೆಲದಲ್ಲಿ ಓಡಾಡುವ ಕಪ್ಪು ದುಂಬಿಗಳಲ್ಲಿ ಕೆಲವಕ್ಕೆ ಉದ್ದ, ಸಣ್ಣ ತಲೆ ಇರುತ್ತದೆ. ಅದನ್ನು ನೇರ ಚಿಪ್ಪಿನೊಳಗೆ ತೂರಿಸಿ ತಿನ್ನುತ್ತವೆ. ಮಿಂಚುಹುಳುವಿನ ಮರಿಯ ಬೇಟೆಯಂತೂ ನೋಡಲೇಬೇಕು. ತನಗಿಂತ ಎಷ್ಟೋ ದೊಡ್ಡ ಬಸವನಹುಳುವಿನ ಬಳಿ ಹೋಗಿ ಮೆಲ್ಲಗೆ ಕಚ್ಚುತ್ತದೆ, ಹಿಂದೆ ಸರಿಯುತ್ತದೆ, ಮತ್ತೆ ಕಚ್ಚುತ್ತದೆ. ಪ್ರತಿ ಕಡಿತದಲ್ಲೂ ವಿಷ ಇಳಿಯುತ್ತದೆ. ಸ್ವಲ್ಪ ಹೊತ್ತಿಗೆ ಬಸವನಹುಳು ಅಲ್ಲಾಡುವುದನ್ನು ನಿಲ್ಲಿಸುತ್ತದೆ. ಆಮೇಲೆ ಅದರ ಮಾಂಸವನ್ನು ಕರಗಿಸಿ ಹೀರುತ್ತದೆ.

ಇವರಿಗೆ ಕೊಡಬೇಕಾದ್ದು ಮೂರೇ. ಕೀಟನಾಶಕ ಸಿಂಪಡಿಸದ ನೆಲ, ತೋಟದ ಅಂಚಿನಲ್ಲಿ ಒಂದಿಷ್ಟು ತರಗೆಲೆ ಮತ್ತು ಕೊಳೆಯುವ ಮರದ ತುಂಡು, ರಾತ್ರಿ ಕತ್ತಲು. ಹೌದು, ಕತ್ತಲೂ ಬೇಕು. ಇಡೀ ರಾತ್ರಿ ಉರಿಯುವ ದೀಪ ಮಿಂಚುಹುಳುಗಳ ಕೂಡುವಿಕೆಯನ್ನೇ ಕೆಡಿಸುತ್ತದೆ. ಖರ್ಚು ಇಲ್ಲವೇ ಇಲ್ಲ. ಆದರೆ ಈ ವಾರ ಮೊಳಕೆ ಕಳೆದುಕೊಳ್ಳುತ್ತಿರುವವರಿಗೆ ಇದು ಉತ್ತರವಲ್ಲ. ಇದಕ್ಕೆ ವರ್ಷಗಳು ಬೇಕು. ಇನ್ನೊಂದು ಇಕ್ಕಟ್ಟೂ ಇದೆ. ತರಗೆಲೆ, ತೇವ ಇದ್ದಲ್ಲಿ ಗಿಡ ತಿನ್ನುವ ಬಸವನಹುಳುವೂ ಅಡಗುತ್ತದೆ. ಆದ್ದರಿಂದ ತರಗೆಲೆ ತೋಟದ ಅಂಚಿಗಿರಲಿ, ಸಸಿ ಮಡಿಯ ಸುತ್ತ ನೆಲ ಒಣಗಿ, ಚೊಕ್ಕಟವಾಗಿ ಇರಲಿ.

ಬಾತುಕೋಳಿ ಮತ್ತು ನೆಮಟೋಡ್

ನೀಳ ಕತ್ತಿನ ರನ್ನರ್ ಬಾತುಗಳನ್ನು ದಕ್ಷಿಣ ಆಫ್ರಿಕಾದ ದ್ರಾಕ್ಷಿ ತೋಟಗಳಲ್ಲಿ ಈ ಕೆಲಸಕ್ಕೇ ಸಾಕುತ್ತಾರೆ. ಅಳತೆಗೋಲುಗಳಲ್ಲಿ ಬಾತು ಚೆನ್ನಾಗಿ ಪಾಸಾಗುತ್ತದೆ. ಬೇಗ ಕೆಲಸ ಮಾಡುತ್ತದೆ, ಬೇಡವಾದಾಗ ಒಳಗೆ ಹಾಕಬಹುದು. ಆದರೆ ಸಾಕಬೇಕಲ್ಲ. ನೀರು, ಗೂಡು, ರಾತ್ರಿ ಕಾವಲು, ದಿನವೂ ಗಮನ ಬೇಕು. ಎಳೆ ಸೊಪ್ಪು, ಮೊಳಕೆ ಇರುವಲ್ಲಿ ಬಿಟ್ಟರೆ ಅವನ್ನೂ ತಿಂದು ತುಳಿದು ಹಾಕುತ್ತವೆ. ಬಲಿತ ದೈತ್ಯ ಹುಳು ಅವುಗಳ ಬಾಯಿಗೆ ಹಿಡಿಸುವುದಿಲ್ಲ. ಮರದ ತೋಟವಿದ್ದು, ಮೊದಲೇ ಕೋಳಿ-ಬಾತು ಸಾಕಿ ಅಭ್ಯಾಸವಿದ್ದವರಿಗೆ ಸರಿ. ಬಸವನಹುಳುವಿಗಾಗಿಯೇ ಹೊಸದಾಗಿ ಶುರು ಮಾಡುವವರು ದಿನದ ಕೆಲಸದ ಲೆಕ್ಕ ಮೊದಲು ಹಾಕಿಕೊಳ್ಳಿ.

ನೆಮಟೋಡ್ ಎಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಜಂತು. ಫ್ಯಾಸ್ಮರಾಬ್ಡೈಟಿಸ್ ಹರ್ಮಾಫ್ರೊಡೈಟಾ ಎಂಬ ಜಾತಿ ಬ್ರಿಟನ್‌ನಲ್ಲಿ 1994ರಿಂದ ಮಾರಾಟದಲ್ಲಿದೆ. ನೀರಿನಲ್ಲಿ ಕಲಸಿ ಮಣ್ಣಿಗೆ ಹಾಕುತ್ತಾರೆ. ಚಿಪ್ಪಿಲ್ಲದ ಸ್ಲಗ್‌ಗಳ ದೇಹ ಹೊಕ್ಕು, ಕೆಲವೇ ದಿನಗಳಲ್ಲಿ ತಿನ್ನುವುದನ್ನು ನಿಲ್ಲಿಸಿ ಕೊಲ್ಲುತ್ತದೆ. ಚಿಪ್ಪಿರುವ ದೊಡ್ಡ ಬಸವನಹುಳುಗಳ ಮೇಲೆ ಇದರ ಆಟ ನಡೆಯುವುದು ಕಡಿಮೆ. ಒಳಹೊಕ್ಕ ಜಂತುಗಳನ್ನು ಅವು ಚಿಪ್ಪಿನ ಒಳಗೋಡೆಗೇ ಸೇರಿಸಿ ಮುಚ್ಚಿಬಿಡುತ್ತವೆ. ತಂಪಾದ, ತೇವದ ಮಣ್ಣು ಬೇಕು. ಕೆಲವು ವಾರಗಳಿಗೊಮ್ಮೆ ಮತ್ತೆ ಹಾಕಬೇಕು, ಅಂದರೆ ಪ್ರತಿ ಸಲ ಖರ್ಚು. ಎಲ್ಲ ದೇಶಗಳಲ್ಲಿ ಅನುಮತಿಯೂ ಇಲ್ಲ. ನಿಮ್ಮ ಕಾಟ ಸ್ಲಗ್ ಆಗಿದ್ದು, ಹವೆ ತಂಪಾಗಿದ್ದರೆ ಮಾತ್ರ ಈ ದಾರಿ.

ಕೈ, ತಾಮ್ರ, ಮದ್ದು

ಫ್ಲಾರಿಡಾದಲ್ಲಿ ದೈತ್ಯ ಹುಳುವನ್ನು ಎರಡು ಸಲ ಮಣಿಸಿದ್ದು ಈ ದಾರಿ ಹಿಡಿದೇ. ಸಂಜೆ ಒದ್ದೆ ಗೋಣಿಚೀಲ ಹಾಸಿ. ಬೆಳಗ್ಗೆ ಬಿಸಿಲೇರುವ ಮೊದಲು ಎತ್ತಿದರೆ ಅಡಿಯಲ್ಲಿ ಗುಂಪಾಗಿ ಸಿಗುತ್ತವೆ. ರೋಸಿಯಂತೆ ಇವಕ್ಕೂ ನೆರಳು, ತೇವ ಬೇಕು. ಆ ನೆರಳು, ತೇವ ಒಂದೇ ಕಡೆ ಇರುವಂತೆ ಮಾಡಿದರೆ ಹುಳುಗಳು ತಾವೇ ಅಲ್ಲಿಗೆ ಬರುತ್ತವೆ. ನೀರನ್ನು ಸಂಜೆಯ ಬದಲು ಬೆಳಗ್ಗೆ ಕೊಟ್ಟರೆ ರಾತ್ರಿ ಅವು ಓಡಾಡುವ ನೆಲ ಒಣಗಿರುತ್ತದೆ. ಆಯುವಾಗ ಕೈಗವಸು ತಪ್ಪಿಸಬೇಡಿ. ಇಲಿಗಳಿಂದ ಬಸವನಹುಳುವಿಗೆ ಬರುವ ಒಂದು ಜಂತು ಮನುಷ್ಯರ ಮಿದುಳಿನ ಪೊರೆಗೆ ಉರಿಯೂತ ತರುತ್ತದೆ. ಬೇಟೆಗಾರ ಹುಳುಗಳಲ್ಲೂ ಅದು ಇರಬಹುದು. ಮಕ್ಕಳ ಕೈಗೆ ಈ ಕೆಲಸ ಕೊಡಬೇಡಿ.

ಮದ್ದಿನಲ್ಲಿ ಎರಡು ಬಗೆ. ಮೆಟಾಲ್ಡಿಹೈಡ್ ಬೇಗ ಕೊಲ್ಲುತ್ತದೆ, ಆದರೆ ನಾಯಿಗಳಿಗೂ ವಿಷ. ಗ್ರೇಟ್ ಬ್ರಿಟನ್‌ನಲ್ಲಿ 2022ರಿಂದ ಅದರ ಹೊರಾಂಗಣ ಬಳಕೆಯನ್ನೇ ನಿಲ್ಲಿಸಿದರು. ಐರನ್ ಫಾಸ್ಫೇಟ್ ನಿಧಾನ. ತಿಂದ ಹುಳು ತಿನ್ನುವುದನ್ನು ಬಿಟ್ಟು, ಎಲ್ಲೋ ಅಡಗಿ ಸಾಯುತ್ತದೆ. ಹೆಣ ಕಾಣದೆ ಮದ್ದು ಕೆಲಸ ಮಾಡಲಿಲ್ಲ ಎಂದುಕೊಳ್ಳುವವರು ಜಾಸ್ತಿ. ಎಲೆಯ ಮೇಲೆ ಹೊಸ ತೂತು ಬಿದ್ದಿದೆಯೇ ನೋಡಿ, ಅದೇ ಲೆಕ್ಕ. ಸಾಕುಪ್ರಾಣಿ ಇರುವಲ್ಲಿ ನಾನು ಐರನ್ ಫಾಸ್ಫೇಟನ್ನೇ ಹೇಳುತ್ತೇನೆ.

ನಿಮಗೆ ಯಾವುದು?

ಕುಂಡಗಳು, ಸಣ್ಣ ಕೈತೋಟ ಇದ್ದವರು ಯಾವ ಬೇಟೆಗಾರನನ್ನೂ ಹುಡುಕಬೇಡಿ. ಗೋಣಿಚೀಲ, ಬೆಳಗಿನ ನೀರು, ಕುಂಡಕ್ಕೆ ತಾಮ್ರದ ಪಟ್ಟಿ ಸಾಕು. ಸಂಜೆ ಅರ್ಧ ಗಂಟೆ ಕೊಡಲು ಸಮಯವಿಲ್ಲದಿದ್ದರೆ ಜೊತೆಗೆ ಐರನ್ ಫಾಸ್ಫೇಟ್.

ಗಾಜಿನ ಮನೆ, ನರ್ಸರಿ ಇದ್ದವರಿಗೆ ಮುಚ್ಚಿದ ಜಾಗ, ಹುಳು ಹೊರಗೆ ಹೋಗುವುದಿಲ್ಲ ಅನ್ನಿಸಬಹುದು. ಆದರೆ ಗಿಡಗಳು ಹೊರಗೆ ಹೋಗುತ್ತವೆ, ಅಲ್ವಾ? ನರ್ಸರಿಯ ಕುಂಡವೇ ಇಂಥ ಹುಳುಗಳ ಮುಖ್ಯ ವಾಹನ. ನ್ಯೂಗಿನಿಯ ಚಪ್ಪಟೆ ಹುಳು ಯುರೋಪಿನಲ್ಲಿ ಮೊದಲು ಸಿಕ್ಕಿದ್ದೂ ಫ್ರಾನ್ಸಿನ ಒಂದು ಸಸ್ಯೋದ್ಯಾನದ ಗಾಜಿನ ಮನೆಯಲ್ಲಿ. ಬಂದ ಗಿಡದ ಮಣ್ಣು, ಕುಂಡದ ತಳ ನೋಡಿಯೇ ಒಳಗೆ ಬಿಟ್ಟುಕೊಳ್ಳಿ.

ಹಣ್ಣಿನ ತೋಟದವರು ಡೆಕೊಲೇಟ್‌ಗೆ ಹೇಳಿದ ನಾಲ್ಕು ಮಾತು ನೋಡಿಕೊಳ್ಳಿ. ಕೂಡದಿದ್ದರೆ ಕೆಳಕೊಂಬೆ ಕತ್ತರಿಸಿ, ಕಾಂಡಕ್ಕೆ ತಾಮ್ರ ಕಟ್ಟಿ, ಆಗುವುದಾದರೆ ಬಾತು ಬಿಡಿ. ಮೊದಲ ವರ್ಷ ಕೆಲಸ ಹೆಚ್ಚು, ಆಮೇಲೆ ತಾಮ್ರದ ಪಟ್ಟಿ ಸರಿಯಿದೆಯೇ ನೋಡುತ್ತಿದ್ದರೆ ಆಯಿತು.

ದೈತ್ಯ ಹುಳು ಬಿದ್ದ ದೊಡ್ಡ ಹೊಲದಲ್ಲಿ ಒಬ್ಬರೇ ಹೋರಾಡಿ ಫಲವಿಲ್ಲ. ಪಕ್ಕದ ಹೊಲದಿಂದ ಮತ್ತೆ ಬರುತ್ತವೆ. ಸುತ್ತಲಿನವರೆಲ್ಲ ಒಂದೇ ವಾರ ಸೇರಿ ಆಯ್ದರೆ, ಮಳೆ ಶುರುವಾಗುವ ಹೊತ್ತಿನಲ್ಲಿ ಅವು ಮೊಟ್ಟೆ ಇಡುವ ಮೊದಲೇ ಮದ್ದು ಹಾಕಿದರೆ, ಅದೇ ಹಣಕ್ಕೆ ಎಷ್ಟೋ ಪಟ್ಟು ಕೆಲಸ ಆಗುತ್ತದೆ.

ಕಾಡಿನ ಅಂಚಿನಲ್ಲಿ, ದ್ವೀಪದಲ್ಲಿ ಇರುವವರು ಹೊರಗಿನ ಯಾವ ಬೇಟೆಗಾರನನ್ನೂ ತರಲೇಬಾರದು, ಯಾರು ಎಷ್ಟೇ ಭರವಸೆ ಕೊಟ್ಟರೂ. ನಿಮ್ಮ ಕಾಡಿನಲ್ಲಿ ಬೇರೆಲ್ಲೂ ಇಲ್ಲದ ಒಂದು ಹುಳು ಇರಬಹುದು.

ಇನ್ನು ಈಗಾಗಲೇ ನಿಮ್ಮ ತೋಟದಲ್ಲಿ ನೀಳ ಗುಲಾಬಿ ಚಿಪ್ಪಿನ, ಬೇರೆ ಹುಳುವಿನ ಬೆನ್ನು ಹತ್ತುವ ಹುಳುವೋ, ಬೆನ್ನ ಮೇಲೆ ಗೆರೆಯಿರುವ ಚಪ್ಪಟೆ ಹುಳುವೋ ಕಂಡರೆ ಒಳ್ಳೆಯದಾಯಿತು ಎಂದು ಬಿಡಬೇಡಿ. ಫೋಟೊ ತೆಗೆಯಿರಿ. ಕೈಗವಸು ಹಾಕಿ ಒಂದನ್ನು ಮುಚ್ಚಳ ಗಟ್ಟಿಯಿರುವ ಡಬ್ಬಿಯಲ್ಲಿ ಹಿಡಿದಿಡಿ. ಹತ್ತಿರದ ಕೃಷಿ ಅಥವಾ ತೋಟಗಾರಿಕೆ ಇಲಾಖೆಗೆ ತೋರಿಸಿ. ಅವರು ಬಂದು ನೋಡುವವರೆಗೆ ಆ ಜಾಗದಿಂದ ಮಣ್ಣು, ಗೊಬ್ಬರ, ಕುಂಡದ ಗಿಡ ಯಾವುದನ್ನೂ ಯಾರಿಗೂ ಕೊಡಬೇಡಿ.